ಬೂಟು ಬಿಚ್ಚದ ಮಾಸ್ತರು

ಸಕ್ಕರೆ ರೋಗ ನನಗೆ ಕೊಟ್ಟ ದೊಡ್ಡ ಶಿಕ್ಷೆ ಎಂದರೆ ಮೂರ್ಖರ ಜೊತೆ ಒಂದೇ ಬೆಂಚಿನ ಮೇಲೆ ಕೂರಬೇಕಾದದ್ದು. ಮಾತ್ರೆ ನುಂಗುವುದು ಕಷ್ಟವಲ್ಲ, ಹೋಳಿಗೆ ಬಿಟ್ಟದ್ದೂ ಅಂಥ ದುಃಖವಲ್ಲ. ಆದರೆ ಪ್ರತಿ ತಿಂಗಳ ಮೊದಲ ಗುರುವಾರ ಬೈಲಹೊಂಗಲ ಪೇಟೆಯ ಆ ಸಣ್ಣ ದವಾಖಾನೆಗೆ ಹೋಗಿ, ಹತ್ತು ಹಳ್ಳಿಯ ಅಡ್ನಾಡಿಗಳ ನಡುವೆ ಒಂದೂವರೆ ತಾಸು ಕೂತು ಅವರ ಮಾತು ಕೇಳುವುದಿದೆಯಲ್ಲ, ಅದನ್ನು ನನ್ನ ವೈರಿಗೂ ಬಯಸಲಾರೆ.

ನಾನು ಲಗಮಪ್ಪ. ಮೂವತ್ತಮೂರು ವರ್ಷ ಮಾಸ್ತರಿಕೆ ಮಾಡಿದವನು, ಕೊನೆಯ ಒಂಬತ್ತು ವರ್ಷ ರಾಮದುರ್ಗ ತಾಲೂಕಿನ ಒಂದು ಶಾಲೆಯ ಹೆಡ್ ಮಾಸ್ತರ. ಕಲಿಸಿದ್ದು ವಿಜ್ಞಾನ. ಹೆಂಡತಿ ದುರ್ಗಾ ತೀರಿಕೊಂಡು ನಾಲ್ಕು ವರ್ಷವಾಯಿತು. ಮಗಳು ಸಂಘಮಿತ್ರಾ ಅದೇ ದವಾಖಾನೆಯಲ್ಲಿ ನರ್ಸು, ನನ್ನ ಜೊತೆಗೇ ಇದ್ದಾಳೆ. ಹಾಗಾಗಿ ಬೇರೆ ಡಾಕ್ಟರನ್ನು ಹುಡುಕಿಕೊಂಡು ಹೋಗುವ ಹಾಗೂ ಇರಲಿಲ್ಲ.

ಆ ಬೆಂಚಿನ ಮೇಲಿನ ಜ್ಞಾನವನ್ನು ಏನೆಂದು ಹೇಳಲಿ! ಹೂಲಿಯಿಂದ ಬರುವ ಒಬ್ಬಾಕೆ ಎರಡೂ ಪಾದದ ಮೇಲಿನ ಹರಡಿಗೆ ಕರಿದಾರ ಬಿಗಿದು ಕಟ್ಟಿಕೊಂಡಿರುತ್ತಾಳೆ, ಕಾಲಲ್ಲಿರುವ ಸಕ್ಕರೆ ಮೇಲೆ ಏರಬಾರದಂತೆ. ದೇಗಾಂವದ ಒಬ್ಬ ಮಹಾಶಯ ಕಾಲು ಜೋಮು ಹಿಡಿದಿದೆ ಎಂದು ಒಲೆಯಲ್ಲಿ ಕಾಸಿದ ಇಟ್ಟಿಗೆಯ ಮೇಲೆ ಅಂಗಾಲು ಊರಿ ಅರ್ಧ ತಾಸು ಕೂತಿದ್ದ. ಅಂಗೈಯಗಲ ಗುಳ್ಳೆ ಎದ್ದು ಬಂದ ದಿನ ಅವನ ಮುಖದಲ್ಲಿ ಹೆಮ್ಮೆ ನೋಡಬೇಕಿತ್ತು. "ಭಾಳ ಹಿತಾ ಆತ್ರಿ" ಅನ್ನುತ್ತಿದ್ದ. ಇವರಿಗೆಲ್ಲ ಬರಿಗಾಲಲ್ಲಿ ತಿರುಗಬೇಡಿ ಎಂದು ಉಪದೇಶ ಮಾಡುವ ಡಾಕ್ಟರರ ಬಾಗಿಲಲ್ಲಿ ಒಂದು ಬೋರ್ಡು: ಚಪ್ಪಲಿ ಹೊರಗೆ ಬಿಡಿ. ಥೂ! ಆ ಬೋರ್ಡನ್ನು ಓದಿಯೂ ಬೂಟು ಹಾಕಿಕೊಂಡೇ ಒಳಗೆ ಬರುತ್ತಿದ್ದವನು ಇಡೀ ದವಾಖಾನೆಯಲ್ಲಿ ನಾನೊಬ್ಬನೇ.

ಇವರೆಲ್ಲರ ಪೈಕಿ ಶಿಖರಪ್ರಾಯನಾದವನು ಸಂಪಗಾಂವದ ಹಣಮಂತಪ್ಪ. ನನ್ನ ಊರಿನವನೇ, ನಾಲ್ಕನೇ ಇಯತ್ತೆವರೆಗೆ ನನ್ನ ಜೊತೆ ಓದಿದವನೇ. ಶಾಲೆಯಲ್ಲಿ ಅವನು ಒಳಗೆ ಸಾಲಿನಲ್ಲಿ, ನಾನು ಬಾಗಿಲ ಹೊರಗಿನ ಗೋಣಿತಟ್ಟಿನ ಮೇಲೆ. ಅವನಿಗೆ ಹದಿನೆಂಟು ಎಕರೆ ಎರೆಹೊಲವಿದೆ, ಬುದ್ಧಿ ಮಾತ್ರ ಒಂದು ಗುಂಟೆಯೂ ಇಲ್ಲ. ಸಕ್ಕರೆ ಇಳಿಯುವ ತನಕ ಕಾಲಿಗೆ ಚಪ್ಪಲಿ ಹಾಕುವುದಿಲ್ಲ ಎಂದು ಸವದತ್ತಿಯ ಎಲ್ಲವ್ವನಿಗೆ ಬೇಡಿಕೊಂಡಿದ್ದಾನೆ. ಎರಡು ವರ್ಷದಿಂದ ಬರಿಗಾಲು. ಹೊಲಕ್ಕೆ ಬರಿಗಾಲು, ಸಂತೆಗೆ ಬರಿಗಾಲು, ಬಸ್ಸಿಗೆ ಬರಿಗಾಲು. ಎಲ್ಲವ್ವ ಇವನ ಹಿಮ್ಮಡಿಯ ಬಿರುಕು ಎಣಿಸಿಕೊಂಡು ಸಕ್ಕರೆ ಇಳಿಸುತ್ತಾಳೆ ಎಂದು ನಂಬಿದ್ದಾನೆ.

ಅದು ಸಾಲದು ಎಂಬಂತೆ, ಅವನ ಹೆಂಡತಿ ಮರೆವ್ವ ದಿನಾ ಸಂಜೆ ಅವನ ಅಂಗಾಲಿಗೆ ಔಡಲೆಣ್ಣೆ ಸವರಿ ಕಂಚಿನ ಬಟ್ಟಲಿನಿಂದ ಉಜ್ಜುತ್ತಾಳೆ. ಉಜ್ಜಿದಂತೆ ಅಂಗಾಲು ಕಪ್ಪಗಾಗುತ್ತದೆ. ಕಪ್ಪಾದಷ್ಟೂ ಮೈಯೊಳಗಿನ ಉಷ್ಣ ಹೊರಗೆ ಬಂತು ಎಂದು ಗಂಡ ಹೆಂಡತಿ ಇಬ್ಬರಿಗೂ ಸಂಭ್ರಮ. ನಾನು ಒಂದು ದಿನ ತಡೆಯಲಾರದೆ ಬೆಂಚಿನ ಮೇಲೆಯೇ ಪಾಠ ಮಾಡಿದೆ.

"ಹಣಮಂತಾ, ಕಂಚಿನ್ಯಾಗ ತಾಮ್ರ ಇರತೈತಿ. ಎಣ್ಣಿ, ಬೆವರ ಕೂಡಿ ಅದು ಕಪ್ಪಗ ಬಿಡತೈತಿ. ಗೋಡಿಗೆ ಎಣ್ಣಿ ಹಚ್ಚಿ ಉಜ್ಜಿದರೂ ಕಪ್ಪಗ ಆಕ್ಕೈತಿ. ಗೋಡಿಗೂ ಉಷ್ಣ ಆಗಿರತೈತೇನು?"

ಅವನು ನಕ್ಕ. "ಇರಬೇಕಪಾ ಮಾಸ್ತರ. ಆದರ ಉಜ್ಜಿಸಿಕೊಂಡ ದಿನಾ ನಿದ್ದಿ ಚಲೋ ಹತ್ತತೈತಿ."

ಇಂಥವರಿಗೆ ಏನು ಹೇಳುವುದು? ಸುಮ್ಮನೆ ಕಾಲ ಮೇಲೆ ಕಾಲು ಹಾಕಿ ನನ್ನ ಬೂಟಿನ ಮಿಂಚು ಅವನಿಗೆ ಕಾಣುವ ಹಾಗೆ ಕೂತೆ.

ಆ ಬೂಟಿನ ವಿಷಯ ಹೇಳಿಬಿಡಬೇಕು. ಸಂಪಗಾಂವದಲ್ಲಿ ಹಣಮಂತನ ಮನೆಯ ಮುಂದೆ ಒಂದು ಕಟ್ಟೆಯಿತ್ತು. ಅವನ ಅಪ್ಪ ಅದರ ಮೇಲೆ ಕೂತಿರುತ್ತಿದ್ದ. ನಮ್ಮ ಓಣಿಯವರು ಯಾರೇ ಆ ದಾರಿ ಹಿಡಿದರೂ ಕಟ್ಟೆ ಬರುವ ಮೊದಲೇ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ದಾಟಬೇಕು. ನನ್ನ ಅಪ್ಪ, ಆರಡಿ ಆಳು, ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು ಬೆನ್ನು ಬಾಗಿಸಿ ದಾಟುವುದನ್ನು ನಾನು ಹಿಂದೆ ನಡೆಯುತ್ತಾ ನೋಡಿದ್ದೇನೆ. ಅದಕ್ಕೇ ಮೊದಲ ಪಗಾರ ಬಂದ ದಿನ ಚರ್ಮದ ಕರಿ ಬೂಟು ಕೊಂಡೆ. ಅದನ್ನು ಹಾಕಿಕೊಂಡೇ ಆ ದಾರಿಯಲ್ಲಿ ನಡೆದೆ, ಎರಡು ಸಲ, ಹೋಗುತ್ತಾ ಒಮ್ಮೆ ಬರುತ್ತಾ ಒಮ್ಮೆ. ಆವತ್ತಿನಿಂದ ನನ್ನ ಬರಿಗಾಲನ್ನು ದುರ್ಗಾ ಬಿಟ್ಟು ಇನ್ನೊಬ್ಬರು ಕಂಡಿಲ್ಲ. ಮನೆಯೊಳಗೂ ಬೂಟು. ಮತ್ತೆ ಯಾರನ್ನೂ ನನ್ನ ಕಾಲಿಗೆ ಬಾಗಲು ಬಿಟ್ಟವನಲ್ಲ. ಮಕ್ಕಳು ಪರೀಕ್ಷೆ ಪಾಸಾದಾಗ ಕಾಲಿಗೆ ಬಿದ್ದರೆ ತೋಳು ಹಿಡಿದು ಎಬ್ಬಿಸಿ ಬೈಯುತ್ತಿದ್ದೆ. ಮನುಷ್ಯ ಮನುಷ್ಯನ ಕಾಲು ಮುಟ್ಟಬಾರದು, ಅಷ್ಟೆ.

ಬರಿಗಾಲಲ್ಲಿ ತಿರುಗುವವರಿಗೆ ಮುಳ್ಳು ಚುಚ್ಚುತ್ತದೆ, ಹುಣ್ಣಾಗುತ್ತದೆ, ಕಾಲು ಹೋಗುತ್ತದೆ. ಬೂಟು ಹಾಕಿದವನಿಗೆ ಏನಾಗಲು ಸಾಧ್ಯ? ಇದು ನನ್ನ ಲೆಕ್ಕ. ಜೊತೆಗೆ ನೋವು ಅಂತ ಒಂದಿದೆಯಲ್ಲ. ಎಲ್ಲಿ ಕೆಟ್ಟಿದೆಯೋ ಅಲ್ಲಿ ನೋಯುತ್ತದೆ. ನೋವಿಲ್ಲದ ಕಡೆ ಏಕೆ ಹುಡುಕಬೇಕು?

ಮಾರ್ಚಿನ ಗುರುವಾರ ಡಾಕ್ಟರು ನನ್ನನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡು ಬಹಳ ಹೊತ್ತು ರಾಜಕೀಯ ಮಾತಾಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಮಾಸ್ತರ್ರ, ಎರಡ ನಿಮಿಷ ಆತು, ನಾ ನಿಮ್ಮ ಬಲಗಾಲಿನ ಬೂಟ ತುಳಕೊಂಡ ಕುಂತೇನಿ. ಗೊತ್ತಾತೇನ್ರಿ?"

ಬಗ್ಗಿ ನೋಡಿದೆ. ಹೌದು, ಅವರ ಹಿಮ್ಮಡಿ ನನ್ನ ಬೆರಳುಗಳ ಮೇಲಿತ್ತು.

"ಚಲೋ ಚರ್ಮದ ಬೂಟ ಡಾಕ್ಟರ, ನಿಮ್ಮ ಭಾರಕ್ಕ ಜಗ್ಗಂಗಿಲ್ಲ" ಅಂದೆ.

ಅವರು ನಗಲಿಲ್ಲ. "ಚರ್ಮದ ಮಾತಲ್ರಿ ಇದು. ಕಾಲಿನ ನರ ಸತ್ತಾವ. ನಾಳೆ ಗಾಯ ಆದರ ನಿಮಗ ತಿಳಿಯಂಗಿಲ್ಲ. ತಿಳಿಯೂದ್ರಾಗ ಕಾಲ ತಗಿಯೂ ಪಾಳಿ ಬಂದಿರತೈತಿ. ಮುಂದಿನ ಸಲ ಅಂಗಾಲ ತೋರಿಸಿದರಷ್ಟ ಗುಳಗಿ ಬರದ ಕೊಡತೇನಿ."

ಹೆದರಿಸಿ ಬೂಟು ಬಿಚ್ಚಿಸುವ ಉಪಾಯ ಎಂದು ತಿಳಿದು ಎದ್ದು ಬಂದೆ. ಆ ರಾತ್ರಿ ಊಟಕ್ಕೂ ಮೊದಲೇ ಸಂಘಮಿತ್ರಾ ಪಡಸಾಲೆಯಲ್ಲಿ ಒಂದು ಬೋಗುಣಿ ನೀರು, ಟವೆಲ್ಲು ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು.

"ಅಪ್ಪಾ, ಒಂದ ಸಲ ತೋರಿಸು. ಒಂದ ನಿಮಿಷದ ಕೆಲಸ."

"ಏಳ ಮ್ಯಾಲ. ಕಾಲ ಹಿಡಿಲಾಕ ಓದಿಸಿದ್ನೇನ ನಿನ್ನ?"

"ದಿನಾ ಇಪ್ಪತ್ತ ಮಂದಿ ಕಾಲ ಹಿಡಿತೇನಿ. ಪಗಾರ ಕೊಡತಾರ, ಮ್ಯಾಲ ನರ್ಸಮ್ಮಾ ಅಂತ ಮರ್ಯಾದಿನೂ ಕೊಡತಾರ."

"ಅವರ ಕಾಲ ಹಿಡಿ. ನಂದ ಬ್ಯಾಡ."

"ಮತ್ತ ನೀನರ ನೋಡಿಕೋತಿಯೇನು?"

"ನನ್ನ ಕಾಲ ನನಗ ಗೊತ್ತೈತಿ."

ಅವಳು ಬೋಗುಣಿ ಎತ್ತಿಕೊಂಡು ಹೋದಳು. ಆ ನೀರನ್ನು ಅಂಗಳಕ್ಕೆ ಚೆಲ್ಲಿದ ರಭಸದಲ್ಲೇ ಅವಳ ಸಿಟ್ಟು ಗೊತ್ತಾಯಿತು. ನನ್ನ ಕಾಲು ನನಗೆ ಗೊತ್ತಿದೆ ಅಂದದ್ದೇನೋ ಸರಿ. ಬಚ್ಚಲ ಬಾಗಿಲ ಚಿಲಕ ಹಾಕಿಕೊಂಡು, ನಿಂತಲ್ಲೇ ಕಾಲಿಗೆ ನೀರು ಸುರಿದು, ಪೌಡರ್ ಉದುರಿಸಿ ಮತ್ತೆ ಕಾಲ್ಚೀಲ ಏರಿಸುತ್ತಿದ್ದೆ. ಹೊಟ್ಟೆ ಅಡ್ಡ, ಮೊಣಕಾಲು ಮಡಿಚಲು ಬಾರದು. ಮೇಲಿನಿಂದ ಕಾಣುವಷ್ಟು ಕಂಡರೆ ಸಾಕಲ್ಲವೇ? ತನ್ನ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವ ಚಟ ಯಾವ ಗಂಡಸಿಗಿದೆ? ನಡುವೆ ಒಂದು ವಾರ ಬಲಗಾಲಿನ ಕಾಲ್ಚೀಲದಲ್ಲಿ ಕಂದು ಕಲೆ ಕಾಣತೊಡಗಿತು. ಬೂಟಿನೊಳಗಿನ ಚರ್ಮ ಬಣ್ಣ ಬಿಟ್ಟಿದೆ ಎಂದುಕೊಂಡು, ಈಗಿನ ಕಾಲದ ಕಂಪನಿಗಳಿಗೆ ಬೈದು, ಕಾಲ್ಚೀಲವನ್ನು ನಾನೇ ಒಗೆದುಕೊಂಡೆ.

ಅದೇ ದಿನಗಳಲ್ಲಿ ನನಗೆ ಇನ್ನೊಂದು ಅವಮಾನವಾಯಿತು. ಹಣಮಂತನ ಅಂಗಾಲಿಗೆ ಜಾಲಿಮುಳ್ಳು ಮುರಿದುಕೊಂಡಿತ್ತಂತೆ. ಅವನಿಗೆ ಗೊತ್ತೇ ಆಗಿಲ್ಲ. ಸಂಜೆ ಬಟ್ಟಲಿನಿಂದ ಉಜ್ಜುವಾಗ ಮರೆವ್ವನ ಕೈಗೆ ಏನೋ ತಾಗಿ, ದೀಪ ಹಿಡಿದು ನೋಡಿ, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಎಳೆದುಕೊಂಡು ಬಂದಿದ್ದಾಳೆ. ಎಂಟು ದಿನದಲ್ಲಿ ಗಾಯ ಮಾಯ. ಅದನ್ನು ನನ್ನ ಮಗಳು ಮನೆಯಲ್ಲಿ ಕಥೆಯ ಹಾಗೆ ಹೇಳಿದಳು.

"ಬಟ್ಟಲದಿಂದ ಏನೂ ಆಗಂಗಿಲ್ಲ ಖರೆ. ಆದರ ಆಕಿ ದಿನಾ ಅಂಗಾಲ ನೋಡತಾಳಲ್ಲಪ್ಪಾ, ಅದ ಔಷಧ."

ನನ್ನ ಮೈಯೆಲ್ಲ ಉರಿಯಿತು. ಬಿ.ಎಸ್ಸಿ. ನರ್ಸಿಂಗ್ ಓದಿದ ಹುಡುಗಿ, ನನ್ನ ಮಗಳು, ಕಂಚಿನ ಬಟ್ಟಲನ್ನು ಹೊಗಳುತ್ತಾಳೆ! ಮೂಢನಂಬಿಕೆಗೆ ಸರ್ಟಿಫಿಕೇಟು ಕೊಡಬೇಡ ಎಂದು ಗದರಿಸಿ ಊಟದಿಂದ ಎದ್ದೆ.

ಏಪ್ರಿಲ್ ಮೊದಲ ಗುರುವಾರ ಬಂತು. ಹಿಂದಿನ ದಿನ ಮೈ ಸ್ವಲ್ಪ ಬೆಚ್ಚಗಿತ್ತು, ಬಿಸಿಲು ಅಂದುಕೊಂಡೆ. ಬಲಗಾಲಿಗೆ ಬೂಟು ಏರಿಸಲು ಹತ್ತು ನಿಮಿಷ ಹೆಣಗಬೇಕಾಯಿತು, ಅದೂ ಬಿಸಿಲಿಗೇ ಅಂದುಕೊಂಡೆ. ಹನ್ನೊಂದೂವರೆಯ ಹೊತ್ತಿಗೆ ಬೆಂಚಿನ ಮೇಲೆ ನಾನು, ಪಕ್ಕದಲ್ಲಿ ಹಣಮಂತ, ನೆಲದ ಮೇಲೆ ಅವನ ಕಾಲ ಹತ್ತಿರ ಮರೆವ್ವ. ಡ್ರೆಸ್ಸಿಂಗ್ ಕೋಣೆ ಎದುರಿಗೇ. ಅದಕ್ಕೆ ಬಾಗಿಲಿಲ್ಲ, ಒಂದು ಗಿಡ್ಡ ಪರದೆ, ಒಳಗೆ ಯಾರು ಕಾಲು ಚಾಚಿದರೂ ಬೆಂಚಿನವರಿಗೆ ಕಾಣುತ್ತದೆ.

ಮರೆವ್ವ ಮೂಗಿಗೆ ಸೆರಗು ಹಿಡಿದಳು. ಸ್ವಲ್ಪ ಹೊತ್ತಿನ ಮೇಲೆ ನೆಲ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಬಲಗಾಲ ಊರಿದಲ್ಲೆ ಹಸಿ ಆಗೈತಿ ನೋಡ್ರಿ."

ಫರಸಿಯ ಮೇಲೆ ಬೂಟಿನ ಅಂಚಿಗೆ ಒಂದು ರೂಪಾಯಿ ನಾಣ್ಯದಷ್ಟು ಒದ್ದೆ ಕಲೆ.

"ಹಾದ್ಯಾಗ ನೀರ ತುಳದಿರಬೇಕು."

"ನೀರಿಗೆ ನೊಣಾ ಕೂಡಂಗಿಲ್ರಿ. ಗಾಯದ ನಾತ ಐತ್ರಿ ಇದು, ನನಗ ಗೊತ್ತಾಕ್ಕೈತಿ."

ನನಗೆ ಎಲ್ಲಿತ್ತೋ ಸಿಟ್ಟು. "ಬಂದರು ನೋಡ್ರಿ ದೊಡ್ಡ ಡಾಕ್ಟರಬಾಯಿ!" ಎಂದು ಇಡೀ ಬೆಂಚಿಗೆ ಕೇಳುವಂತೆ ಕೂಗಿದೆ. "ಬಟ್ಟಲಾ ತಿಕ್ಕೂದ ಬಿಟ್ಟರ ಏನ ಗೊತ್ತವಾ ನಿನಗ? ಗಂಡನ್ನ ಬರಿಗಾಲಾಗ ತಿರಗಸೂದು, ಊರ ಮಂದಿ ಬೂಟಿನ್ಯಾಗ ಇಣಿಕಿ ನೋಡೂದು!"

ಅವಳು ತಲೆ ತಗ್ಗಿಸಿದಳು. ಹೂಲಿಯ ಕರಿದಾರದಾಕೆ ಕೂಡ ನನ್ನನ್ನು ಒಂದು ಥರ ನೋಡಿದಳು. ಅಷ್ಟರಲ್ಲಿ ಗದ್ದಲ ಕೇಳಿ ಸಂಘಮಿತ್ರಾ ಹೊರಗೆ ಬಂದಳು. ನನ್ನ ಮುಖ ನೋಡಲಿಲ್ಲ, ನೇರ ನೆಲದ ಕಲೆ ನೋಡಿದಳು.

"ಅಪ್ಪಾ, ಒಳಗ ಬಾ. ಈಗ."

"ಇವತ್ತ ಬ್ಯಾಡ."

"ಯಾಕ ಬ್ಯಾಡ?"

ಯಾಕೆ ಎಂದು ಹೇಳುವುದು ಹೇಗೆ? ನನ್ನ ಕಣ್ಣು ನನ್ನ ಮಾತು ಕೇಳದೆ ಹಣಮಂತನ ಕಡೆ ಹೋಯಿತು. ಇವನ ಕಣ್ಣೆದುರಿಗೆ, ಆ ಕಟ್ಟೆಯವನ ಮಗನ ಕಣ್ಣೆದುರಿಗೆ, ನಾನು ಬೂಟು ಕಳಚುವುದೇ? ಸತ್ತರೂ ಇಲ್ಲ.

ಹಣಮಂತ ಮೊಣಕಾಲಿಗೆ ಕೈಯೂರಿ ಎದ್ದ. "ಲಗಮಪ್ಪಾ, ನನ್ನ ಮುಂದ ಬಿಚ್ಚಬ್ಯಾಡ. ನಾ ಹೊರಗ ಹೊಕ್ಕೇನಿ."

ಬಾಗಿಲ ತನಕ ಹೋದವನು ತಿರುಗಿ ನಿಂತ.

"ನಿಮ್ಮಪ್ಪ ದಾಟೂ ಮುಂದ ಕಟ್ಟಿ ಮ್ಯಾಲ ನಾನೂ ಕುಂತಿರತಿದ್ದೆ. ಮರತಿಲ್ಲ" ಎಂದವನೇ ಹೊರಟುಬಿಟ್ಟ.

ಐವತ್ತೈದು ವರ್ಷದ ಮೇಲೆ ಈ ಮಾತು! ಇಷ್ಟು ದಿನ ಈ ದಡ್ಡನಿಗೆ ಏನೂ ನೆನಪಿಲ್ಲ ಎಂದೇ ನಾನು ಅವನನ್ನು ಸಸಾರ ಮಾಡಿಕೊಂಡು ಬಂದಿದ್ದೆ. ಇವನಿಗೆ ನೆನಪಿತ್ತಂತೆ. ನೆನಪಿಟ್ಟುಕೊಂಡೇ ನನ್ನ ಪಕ್ಕ ಕೂತು ಬೈಸಿಕೊಳ್ಳುತ್ತಿದ್ದನಂತೆ. ಸಿಟ್ಟು ಮಾಡಲೂ ಆಗದ ಹಾಗೆ ಮಾಡಿಹೋದ, ಹಡಬಿಟ್ಟಿ.

ದವಾಖಾನೆಯ ಮುಂದೆ ಸಿಮೆಂಟಿನ ಅಂಗಳ. ಒಂದು ಗಿಡದ ನೆರಳೂ ಇಲ್ಲ. ಹನ್ನೆರಡರ ಬಿಸಿಲು. ಅವನು ಅದರ ನಟ್ಟನಡುವೆ, ನಮಗೆ ಬೆನ್ನು ಮಾಡಿ, ಬರಿಗಾಲಲ್ಲಿ ನಿಂತ. ಮರೆವ್ವ ಬಾಗಿಲಿಗೆ ಓಡಿದಳು.

"ಏನ್ರೀ, ಕಾಲ ಸುಡತಾವ್ರಿ! ಈಚೀಕ ಬರ್ರಿ!"

"ಏನೂ ಸುಡವಲ್ದು. ಮಾಸ್ತರಂದ ಮುಗೀಲಿ."

ಅವಳು ತನ್ನ ಚಪ್ಪಲಿ ತೆಗೆದುಕೊಂಡು ಹೋಗಿ ಅವನ ಕಾಲ ಹತ್ತಿರ ಇಟ್ಟಳು. ಅವನು ಒಲ್ಲೆ ಎಂದು ತಲೆಯಾಡಿಸಿದ, ಹರಕೆಯಂತೆ. ಸುಡುವುದಿಲ್ಲವಂತೆ! ನರ ಸತ್ತವನಿಗೆ ಹೇಗೆ ಸುಡುತ್ತದೆ? ಅವನ ಅಂಗಾಲು ಹಪ್ಪಳದ ಹಾಗೆ ಗುಳ್ಳೆ ಎದ್ದರೂ ಅವನಿಗೆ ತಿಳಿಯುವುದಿಲ್ಲ. ಇಂಥ ಪೆದ್ದನನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಮೊನ್ನೆಯಷ್ಟೇ ವಾಸಿಯಾದ ಕಾಲನ್ನು ನನ್ನ ಮಾನಕ್ಕಾಗಿ ಬೇಯಿಸುತ್ತ ನಿಂತಿದ್ದಾನೆ. ನಾಳೆ ಆ ಕಾಲು ಹೋದರೆ ಊರೆಲ್ಲ ಯಾರ ಹೆಸರು ಹೇಳುತ್ತದೆ?

"ಬಿಚ್ಚ, ಲಗೂ ಬಿಚ್ಚ!" ಎಂದು ಮಗಳಿಗೆ ಹೇಳುತ್ತಾ ಪರದೆ ಸರಿಸಿ ಒಳಗೆ ನುಗ್ಗಿದೆ. "ಆ ಹುಚ್ಚ ಅಲ್ಲೆ ಬೇಯಲಾಕ ಹತ್ಯಾನ."

ಲಾಡಿ ಬಿಚ್ಚಿದಳು. ಬೂಟು ಬರಲಿಲ್ಲ. ಎಳೆದಳು, ಬರಲಿಲ್ಲ. ಕತ್ತರಿ ತಂದು ಹಿಂಬದಿಯಿಂದ ಚರ್ಮ ಸೀಳಿದಳು. ಬೂಟು ಬಿಟ್ಟುಕೊಂಡಾಗ ಬಂದ ನಾತಕ್ಕೆ ನಾನೇ ಮುಖ ತಿರುಗಿಸಿದೆ. "ಬಿಚ್ಯಾರ, ನೆಳ್ಳಿಗೆ ಬರ್ರಿ" ಎಂದು ಮರೆವ್ವ ಹೊರಗೆ ಕೂಗುವುದು ಕೇಳಿಸಿತು. ಸಂಘಮಿತ್ರಾ ಬೂಟಿನೊಳಗೆ ಕೈ ಹಾಕಿದವಳು "ಹಾಯ್!" ಎಂದು ಚೀರಿ ಕೈ ಎಳೆದುಕೊಂಡಳು. ಕೈಗವಸು ತೂತಾಗಿ ಹೆಬ್ಬೆರಳಲ್ಲಿ ರಕ್ತ ಮೂಡಿತು.

ಒಳಗೆ ಒಂದು ಮೊಳೆ. ಮೂರು ವಾರದ ಹಿಂದೆ ಕಿತ್ತೂರಿಗೆ ಒಂದು ಲಗ್ನಕ್ಕೆ ಹೋದಾಗ ಸವೆದ ತಳಕ್ಕೆ ಹೊಸ ಪಟ್ಟಿ ಹೊಡೆಸಿದ್ದೆ. ಅದರ ಮೊಳೆ ಒಳಗಿನ ಚರ್ಮ ದಾಟಿ ಅರ್ಧ ಇಂಚು ಮೇಲೆ ಬಂದು ನಿಂತಿತ್ತು. ನನ್ನ ಮಗಳು ಅದನ್ನು ಕ್ಷಣಮಾತ್ರ ಮುಟ್ಟಿ ಚೀರಿದ್ದಳು. ನಾನು ಅದರ ಮೇಲೆ ಮೂರು ವಾರ ನಡೆದಿದ್ದೆ. ಪೇಟೆಗೆ ನಡೆದಿದ್ದೆ, ಬಸ್ ಸ್ಟ್ಯಾಂಡಿಗೆ ನಡೆದಿದ್ದೆ, ದಿನಾ ಬೆಳಿಗ್ಗೆ ಆರೋಗ್ಯಕ್ಕೆಂದು ಎರಡು ಮೈಲಿ ನಡೆದಿದ್ದೆ.

ಡಾಕ್ಟರು ಬಂದು ನೋಡಿ ಕೈಗವಸು ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಕಾಲ್ಚೀಲ ಮಾಂಸಕ್ಕೆ ಅಂಟಿತ್ತು, ನೀರು ಹಾಕಿ ನೆನೆಸಿ ತೆಗೆದರು. "ನಾನೂ ನೋಡತೇನಿ" ಎಂದು ಹಟ ಹಿಡಿದೆ. ಸಂಘಮಿತ್ರಾ ಗೋಡೆಯ ಕನ್ನಡಿ ಇಳಿಸಿ ತಂದು ಕಾಲ ಕೆಳಗೆ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಒಂದು ತೂತು, ಸುತ್ತ ಅಂಗೈಯಗಲ ಕಪ್ಪು. ಅದು ನನ್ನ ಕಾಲು ಎಂದು ಅನ್ನಿಸಲಿಲ್ಲ. ಆ ಬೆಂಚಿನವರಲ್ಲಿ ಯಾರದೋ, ಇಟ್ಟಿಗೆ ಕಾಸುವವನದೋ ದಾರ ಕಟ್ಟುವವಳದೋ ಇರಬೇಕು ಎನ್ನಿಸಿತು.

"ಎಷ್ಟ ಆಳ ಐತಿ ನೋಡ್ರಿ ಸಿಸ್ಟರ್" ಅಂದರು ಡಾಕ್ಟರು.

ಅವಳು ತೆಳ್ಳನೆಯ ಒಂದು ಉಕ್ಕಿನ ಕಡ್ಡಿ ತೆಗೆದುಕೊಂಡಳು. "ಅಪ್ಪಾ, ನೋವಾದರ ಹೇಳ."

ಕನ್ನಡಿಯಲ್ಲಿ ನೋಡುತ್ತಿದ್ದೆ. ಕಡ್ಡಿ ತೂತಿನೊಳಗೆ ಇಳಿಯಿತು. ಇನ್ನೂ ಇಳಿಯಿತು. ಅರ್ಧ ಬೆರಳಿನಷ್ಟು ಹೋದಮೇಲೆ ಟಕ್ ಎಂದು ಸಣ್ಣ ಸಪ್ಪಳವಾಯಿತು.

"ಏನದು?"

"ಎಲುಬು" ಅಂದರು ಡಾಕ್ಟರು. ಆಮೇಲೆ ಫೋನ್ ತೆಗೆದುಕೊಂಡು, ಬೆಳಗಾವಿಗೆ ಹೋಗಲು ಗಾಡಿ ಬೇಕು, ಈಗಲೇ ಬೇಕು ಎಂದು ಹೇಳುತ್ತಾ ಹೊರಗೆ ಹೋದರು.

ಹಲ್ಲು ಕಚ್ಚಿ ಕೂತೆ. ಈಗ ನೋಯುತ್ತದೆ, ಸ್ವಲ್ಪ ತಡವಾಗಿ ನೋಯುತ್ತದೆ ಎಂದು ಕಾದೆ. ಪರದೆಯ ಆಚೆ ಹಣಮಂತ ಯಾರನ್ನೋ "ಏನಂದರ್ರಿ? ಏನಂದರು?" ಎಂದು ಕೇಳುತ್ತಿದ್ದ.

"ಇನ್ನೊಮ್ಮೆ ಚುಚ್ಚವಾ" ಅಂದೆ.

"ಬ್ಯಾಡಪ್ಪಾ."

"ನೀ ಮೆಲ್ಲಕ ಚುಚ್ಚೀದಿ. ಜೋರಲೆ ಚುಚ್ಚ. ಚುಚ್ಚ ಅಂದ್ನೆಲ್ಲಾ!"

ಅವಳು ಕಡ್ಡಿಯನ್ನು ತಟ್ಟೆಯಲ್ಲಿಟ್ಟಳು. ಕೈಗವಸು ತೆಗೆದಳು. ನನ್ನ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಣೆ ಹಚ್ಚಿ ಅಳತೊಡಗಿದಳು. ಬಿಡು ಎನ್ನಲಿಲ್ಲ ನಾನು. ಅವಳ ಬೆರಳುಗಳು ನನ್ನ ಹರಡನ್ನು ಬಿಗಿಯಾಗಿ ಹಿಡಿದಿದ್ದವು, ಅವಳ ಕಣ್ಣೀರು ನನ್ನ ಪಾದದ ಮೇಲೆ ಬೀಳುತ್ತಿತ್ತು. ಅದೆಲ್ಲ ನನಗೆ ಕಾಣುತ್ತಿತ್ತು, ಅಷ್ಟೆ.